ಹರಿಣಾಕ್ಷಿಯ ಹೆಸರಿಗೆ ನಲವತ್ತಮೂರು ಸೇವೆ

ನಾನು ಜೀವಮಾನದಲ್ಲಿ ಇನ್ನೊಬ್ಬರ ಒಂದು ಕಡ್ಡಿಯನ್ನೂ ಮುಟ್ಟಿದವನಲ್ಲ. ಥಾಣೆಯ ಔಷಧ ಕಂಪನಿಯೊಂದರಲ್ಲಿ ಮೂವತ್ತನಾಲ್ಕು ವರ್ಷ ಗುಮಾಸ್ತನಾಗಿದ್ದೆ. ಒಂದು ಗುಂಡುಸೂಜಿ ಮನೆಗೆ ತಂದಿಲ್ಲ. ಅಂಥ ನಾನು ಕಳೆದ ಮಳೆಗಾಲದಲ್ಲಿ ನಲವತ್ತಮೂರು ಮಂದಿ ಭಕ್ತರ ಪೂಜೆಯನ್ನು ಎತ್ತಿ ನನ್ನ ಹೆಂಡತಿಯ ಹೆಸರಿಗೆ ಹಾಕಿದೆ. ಅದೂ ದೇವಸ್ಥಾನದಲ್ಲಿ, ದೇವಿಯ ಎದುರಿಗೆ, ಒಂದು ಸಲವಂತೂ ಮೈಕಿನಲ್ಲಿ. ಹೇಗೆ ಆಯಿತೆಂದು ಹೇಳುತ್ತೇನೆ.

ನವಿ ಮುಂಬಯಿಯ ನೆರೂಳಿನಲ್ಲಿ ನಮ್ಮ ಸೆಕ್ಟರಿನ ಮೂಲೆಗೆ ಒಂದು ಚಿಕ್ಕ ದೇವಿಯ ಗುಡಿ ಇದೆ. ಉಡುಪಿ, ಮಂಗಳೂರು ಕಡೆಯಿಂದ ಬಂದವರು ಸೇರಿ ಕಟ್ಟಿಸಿದ್ದು. ನನ್ನ ಹೆಂಡತಿ ಹರಿಣಾಕ್ಷಿ ಪ್ರತಿ ಶುಕ್ರವಾರ ಅದರ ಕೌಂಟರಿನ ಮುಂದೆ ನಿಂತು ಅರ್ಚನೆಗೆ ಹೆಸರು ಹೇಳುತ್ತಿದ್ದಳು. "ತಾರಾನಾಥ, ವಿಶಾಖಾ. ಸುಜನ್, ಪುಷ್ಯ. ಮಾನಸಿ, ರೋಹಿಣಿ. ಅನುಷ್ಕಾ, ಚಿತ್ತಾ." ನಾನು, ಮಗ, ಸೊಸೆ, ಮೊಮ್ಮಗಳು ಇಷ್ಟಕ್ಕೆ ಮುಗಿಯಿತೇ? ವಾಚ್‌ಮನ್ನನ ಮಗಳಿಗೆ ಹತ್ತನೆಯ ಪರೀಕ್ಷೆ, ಅವಳ ಹೆಸರು. ಹಾಲಿನವನಿಗೆ ಮೊಣಕಾಲು ನೋವು, ಅವನ ಹೆಸರು. ಹಿಂದೆ ಸಾಲಿನಲ್ಲಿ ನಿಂತವರು ಕಾಲು ಬದಲಿಸುತ್ತಿದ್ದರು. ಗೋತ್ರ ಕೇಳಿದರೆ, "ನಮ್ಮಲ್ಲಿ ತಾಯಿಯ ಕಡೆಯಿಂದ ಬರುವ ಬಳಿ ಉಂಟು, ಗೋತ್ರ ಇಲ್ಲ" ಎನ್ನುವಳು. ಕೌಂಟರಿನ ನಾಗವೇಣಿ ಎಲ್ಲರಿಗೂ ಕಾಶ್ಯಪ ಗೋತ್ರ ಎಂದು ಬರೆಯುತ್ತಿದ್ದಳು. ಗೋತ್ರ ತಿಳಿಯದವರಿಗೆಲ್ಲ ಕಾಶ್ಯಪರೇ ಗತಿ. ಹಾಲಿನವ ಮಥುರಾದವ, ಅವನೂ ಕಾಶ್ಯಪ ಗೋತ್ರದವನಾಗಿ ಹೋದ.

"ನಿಮ್ಮ ಹೆಸರು, ಅಕ್ಕ?" ಎಂದು ನಾಗವೇಣಿ ಕೇಳಿದರೆ ಹರಿಣಾಕ್ಷಿಯ ಉತ್ತರ ಒಂದೇ: "ಮನೆಯವರದ್ದೆಲ್ಲ ಹೇಳಿದೆನಲ್ಲ, ಅದರಲ್ಲಿ ನಾನೂ ಬಂದೆ."

ಜನವರಿಯಲ್ಲಿ, ಸಂಕ್ರಾಂತಿ ಕಳೆದು ಆರನೆಯ ದಿನ, ಅವಳು ಹೋದಳು. ಉತ್ತರಕ್ರಿಯೆ ಎಲ್ಲ ಮುಗಿದ ಮೇಲೆ ಒಂದು ಶುಕ್ರವಾರ ನಾನೇ ಕೌಂಟರಿಗೆ ಹೋದೆ. ಪಟ್ಟಿಯ ಮೊದಲಿಗೆ, "ಹರಿಣಾಕ್ಷಿ, ಅನುರಾಧಾ ನಕ್ಷತ್ರ" ಎಂದೆ.

ನಾಗವೇಣಿ ಪೆನ್ನು ಕೆಳಗಿಟ್ಟಳು. "ಅಣ್ಣ," ಎಂದಳು ಮೆಲ್ಲಗೆ, "ಅವರ ಹೆಸರು ಇನ್ನು ಅರ್ಚನೆಗೆ ಬರುವುದಿಲ್ಲ. ಅರ್ಚನೆ ಇದ್ದವರಿಗೆ."

ಅವಳು ಹೇಳಿದ್ದು ಶಾಸ್ತ್ರ. ಆದರೆ ನೋಡಿ, ಮದುವೆಯಾದ ಮೂವತ್ತೆಂಟು ವರ್ಷ ಆ ಹೆಸರನ್ನು ಅವಳೂ ಕೊಡಲಿಲ್ಲ, ನಾನೂ ಕೊಡಲಿಲ್ಲ. ಕೊಡೋಣವೆಂದು ನಾನು ಹೋದ ದಿನ ಕೊಡುವ ಹಾಗಿರಲಿಲ್ಲ.

ಇನ್ನು ವೆಬ್‌ಸೈಟಿನ ವಿಷಯ.

ಜೂನ್ ತಿಂಗಳಲ್ಲಿ ಗುಡಿಗೆ ವೆಬ್‌ಸೈಟ್ ಬೇಕೆಂದು ಕಮಿಟಿ ನಿರ್ಧರಿಸಿತು. ಖಾರಘರ, ಕಾಮೋಠೆಯ ಭಕ್ತರು ಮನೆಯಿಂದಲೇ ಸೇವೆ ಬರೆಸಬೇಕು, ಚೀಟಿ ನೇರವಾಗಿ ಭಟ್ಟರ ಕೋಣೆಯ ಪ್ರಿಂಟರಿನಲ್ಲಿ ಬೀಳಬೇಕು. ಮಾಡಿಕೊಡಲು ನನ್ನ ಸೊಸೆ ಮಾನಸಿ ಒಪ್ಪಿದಳು. ಅವಳು ಡೊಂಬಿವಲಿಯ ಮರಾಠಿ ಹುಡುಗಿ. ಕಂಪ್ಯೂಟರ್ ಕೆಲಸ ಬಲ್ಲವಳು. ಕನ್ನಡ ಮಾತಾಡುತ್ತಾಳೆ, ಅತ್ತೆಯಿಂದ ಕಲಿತದ್ದು. ಅಕ್ಷರ ಬಾರದು. ನನಗೆ ಅಕ್ಷರ ಬರುತ್ತದೆ, ಕಂಪ್ಯೂಟರ್ ಬಾರದು. ಇಬ್ಬರನ್ನು ಸೇರಿಸಿದರೆ ಒಬ್ಬ ಪೂರ್ಣ ಮನುಷ್ಯ ಆಗುತ್ತಾನೆಂದು ಎಣಿಸಿ ಕಮಿಟಿಯು ಕನ್ನಡ ಬರೆಯುವ ಕೆಲಸಕ್ಕೆ ನನ್ನನ್ನು ನೇಮಿಸಿತು.

ಒಂದು ಭಾನುವಾರ ಮಾನಸಿ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡಳು.

"ಪಪ್ಪಾ, ಹೆ ಬಘಾ, ಇದು ನೋಡಿ. ಭಟ್‌ಜಿ ಸಂಕಲ್ಪ ಹೇಳ್ತಾರಲ್ಲ, ಅದು ಎಲ್ಲರಿಗೂ ಸೇಮ್. ಹೆಸರು, ನಕ್ಷತ್ರ, ಗೋತ್ರ ಮಾತ್ರ ಬೇರೆ. ಬರೋಬರ್?"

"ಬರೋಬರ್."

"ಇದೂ ಹಾಗೇ. ಚೀಟಿ ಒಂದೇ ಸಲ ಮಾಡಿಡೋದು. ಅರ್ಚನೆ ಪೇಜು, ಅನ್ನದಾನ ಪೇಜು, ಯಾವ ಪೇಜಿಗೆ ಬೇಕೋ ಅದು ಚೀಟಿನ ಕರೀತದೆ. ಕರೀವಾಗ ಅದರ ಕೈಗೆ ಹೆಸರು ಕೊಡಬೇಕು."

"ಕೊಡುವುದೇಕೆ? ಪುಟಕ್ಕೆ ಗೊತ್ತಿದ್ದರೆ ಚೀಟಿಗೂ ಗೊತ್ತಿರುವುದಿಲ್ಲವೇ? ಎರಡೂ ಒಂದೇ ಮನೆಯಲ್ಲವೇ?"

"ನಾಹಿ ಪಪ್ಪಾ! ಕೈಗೆ ಕೊಟ್ಟದ್ದು ಮಾತ್ರ ಚೀಟಿಗೆ ಕಾಣ್ತದೆ. ಸಂಡೇ ನಾಲ್ಕು ಜನ ಊಟಕ್ಕೆ ಬರ್ತಾರೆ ಅಂತ ಸುಜನ್‌ಗೆ ಗೊತ್ತಿರ್ತದೆ. ನನಗೆ ಹೇಳಿರ್ತಾನಾ?"

ಒಳಗಿನ ಕೋಣೆಯಲ್ಲಿ ಸುಜನ್ ಕೆಮ್ಮಿದ. ನನಗೆ ವಿಷಯ ಸಂಪೂರ್ಣ ಅರ್ಥವಾಯಿತು.

"ಕೊಡಲು ಮರೆತರೆ?"

"ಚೀಟಿ ಒಡೆದು ಹೋಗ್ತದೆ, ಎರರ್. ಅದಕ್ಕೆ ಒಂದು ಡಿಫಾಲ್ಟ್ ಬರೆದಿಡೋದು. ಯಾರೂ ಏನೂ ಕೊಡದಿದ್ದರೆ ಅದು ಬರ್ತದೆ."

"ಹಾಗೆಂದರೆ ಕಾಶ್ಯಪ ಗೋತ್ರ," ಎಂದೆ.

ಮಾನಸಿ ನನ್ನನ್ನೇ ನೋಡಿದಳು. "ಪಪ್ಪಾ! ತುಮ್ಹಿ ತರ್ ಇಂಜಿನಿಯರ್!"

ಈ ಮಾತು ನನ್ನ ತಲೆಗೆ ಏರಿತೆಂಬುದನ್ನು ಒಪ್ಪಿಕೊಳ್ಳಬೇಕು. ಮುಂದಿನ ಅನಾಹುತಕ್ಕೆಲ್ಲ ಅದೇ ಮೂಲ.

ಚೀಟಿಯ ಫೈಲಿನಲ್ಲಿ ಅವಳು ಮೂರು ಕಡೆ ಜಾಗ ಬಿಟ್ಟಿದ್ದಳು. "ಇಲ್ಲಿ ಗೋತ್ರ. ಇಲ್ಲಿ ನಕ್ಷತ್ರ. ಇಲ್ಲಿ ಹೆಸರು, ಭಕ್ತ ಅಂತ ಏನಾದರೂ ಬರೀರಿ. ಇದು ಯಾರಿಗೂ ಕಾಣೋ ಜಾಗ ಅಲ್ಲ" ಎಂದು ಹೇಳಿ ಕುಕ್ಕರ್ ಇಳಿಸಲು ಎದ್ದು ಹೋದಳು.

ಗೋತ್ರದ ಜಾಗದಲ್ಲಿ ಕಾಶ್ಯಪ ಎಂದು ಬರೆದೆ. ನಕ್ಷತ್ರದ ಜಾಗದಲ್ಲಿ ಅನುರಾಧಾ ಎಂದು ಬರೆದೆ. ಹೆಸರಿನ ಜಾಗದಲ್ಲಿ ಹರಿಣಾಕ್ಷಿ ಎಂದು ಬರೆದೆ. ಯಾರಿಗೂ ಕಾಣದ ಜಾಗ ಎಂದು ಅವಳೇ ಹೇಳಿದ್ದಳಲ್ಲ. ಕೌಂಟರಿನಲ್ಲಿ ಕೊಡಬಾರದು ಸರಿ. ಗುಡಿಯ ಯಾವುದೋ ಒಂದು ಗೂಡಿನೊಳಗೆ ಸದ್ದಿಲ್ಲದೆ ಇದ್ದರೆ ಯಾರಿಗೇನು? ಮಾನಸಿ ಬಂದು ನೋಡಿದಳು. ಅಕ್ಷರಗಳು ದುಂಡಗಿವೆ ಎಂದು ಮೆಚ್ಚಿದಳು.

ವೆಬ್‌ಸೈಟ್ ಶುರುವಾಯಿತು. ಅರ್ಚನೆ, ಅನ್ನದಾನ, ಎಲ್ಲ ಚೀಟಿಗಳೂ ಸರಿಯಾಗಿ ಬಂದವು. ಜನ ನನ್ನನ್ನು 'ವೆಬ್‌ಸೈಟ್ ತಾರಾನಾಥಣ್ಣ' ಎಂದು ಕರೆಯತೊಡಗಿದರು. ನಾನು ಬೇಡವೆನ್ನಲಿಲ್ಲ. ಗುಡಿಯ ಬಾಗಿಲಲ್ಲಿ, ಚಪ್ಪಲಿ ಸ್ಟ್ಯಾಂಡಿನ ಪಕ್ಕ, ನನಗೊಂದು ಪ್ಲಾಸ್ಟಿಕ್ ಕುರ್ಚಿ, ಮೇಜು, ಹಳೆಯ ಲ್ಯಾಪ್‌ಟಾಪ್ ಸಿಕ್ಕಿತು. ಮೇಜಿಗೆ 'ವೆಬ್‌ಸೈಟ್ ವಿಭಾಗ' ಎಂಬ ಬೋರ್ಡನ್ನು ನಾನೇ ಬರೆದು ಅಂಟಿಸಿದೆ. ಬಂದವರು ಮೊದಲು ಚಪ್ಪಲಿ ಟೋಕನ್ ಕೇಳುತ್ತಿದ್ದರು. ಅದನ್ನೂ ಕೊಡುತ್ತಿದ್ದೆ.

ಜುಲೈ ತಿಂಗಳಲ್ಲಿ ಕಮಿಟಿಯು ಇನ್ನೂ ನಾಲ್ಕು ಸೇವೆ ಸೇರಿಸಬೇಕೆಂದಿತು: ವಾಹನ ಪೂಜೆ, ಸತ್ಯನಾರಾಯಣ ಪೂಜೆ, ಅಲಂಕಾರ ಪೂಜೆ, ಆಯುಷ್ಯ ಹೋಮ. ಮಾನಸಿಗೆ ಆಫೀಸಿನಲ್ಲಿ ಉಸಿರಾಡಲು ಬಿಡುವಿಲ್ಲ. "ನಾನೇ ಮಾಡುತ್ತೇನೆ" ಎಂದೆ. ಅವಳು ಹಳೆಯ ಪುಟ ನಕಲು ಮಾಡುವುದನ್ನು ತೋರಿಸಿಕೊಟ್ಟಳು. ನಾನು ನಕಲು ಮಾಡಿದೆ. ಪುಟದ ಕೆಳಗೆ ಚೀಟಿಯನ್ನು ಕರೆಯುವ ಸಾಲೊಂದಿತ್ತು. ಅದರ ಬಾಲಕ್ಕೆ ಆವರಣ, ಚುಕ್ಕಿ, ಅಲ್ಪವಿರಾಮ ಎಲ್ಲ ಸೇರಿದ ಒಂದು ಇಂಗ್ಲಿಷ್ ಗಂಟು. ಅದು ಏಕೆಂದು ತಿಳಿಯಲಿಲ್ಲ. ಗುಮಾಸ್ತನಾದವನು ಅನಗತ್ಯ ಬರಹ ಸಹಿಸುವುದಿಲ್ಲ. ಬಾಲವನ್ನು ಕತ್ತರಿಸಿದೆ.

ಕತ್ತರಿಸಿ, ಹರಿಣಾಕ್ಷಿಯ ಹೆಸರನ್ನೇ ತುಂಬಿ ಪರೀಕ್ಷೆ ಮಾಡಿದೆ. ಪರದೆಯ ಮೇಲೆ ಚೀಟಿ ಬಂದಿತು: ಹೆಸರು ಹರಿಣಾಕ್ಷಿ, ನಕ್ಷತ್ರ ಅನುರಾಧಾ, ಗೋತ್ರ ಕಾಶ್ಯಪ. ಒಂದಕ್ಷರ ತಪ್ಪಿರಲಿಲ್ಲ. ಇದಕ್ಕಿಂತ ಸರಿಯಾದ ಚೀಟಿಯನ್ನು ನಾನು ಕಂಡಿಲ್ಲ. ನಾಲ್ಕು ಪುಟಗಳಿಗೂ ಅದೇ ವೈದ್ಯ ಮಾಡಿದೆ.

ಮೂರು ವಾರ ಕಳೆದ ಮೇಲೆ ಗುಡಿಯ ಮುಂದೆ ಒಂದು ಟೆಂಪೋ ಬಂದು ನಿಂತಿತು. ಹಳೆಯದೇ, ಹೊಸದಾಗಿ ಹಸಿರು ಬಣ್ಣ ಬಳಿದದ್ದು. ಅದರ ಹಣೆಯ ಮೇಲೆ ಹಳದಿ ಅಕ್ಷರದಲ್ಲಿ, ಸುತ್ತಲೂ ಹೂಬಳ್ಳಿ ಬರೆಸಿ, ದೊಡ್ಡದಾಗಿ 'ಹರಿಣಾಕ್ಷಿ' ಎಂದಿತ್ತು.

ನಾನು ಕನ್ನಡಕ ಒರೆಸಿ ಮತ್ತೊಮ್ಮೆ ನೋಡಿದೆ. ಹರಿಣಾಕ್ಷಿಯೇ.

ಇಳಿದು ಬಂದವನು ಬಾಲಪ್ಪ. ವಿಜಯಪುರದ ಕಡೆಯವನು, ಕಾಮೋಠೆಯಲ್ಲಿ ಮನೆ. ವಾಶಿಯ ಮಾರ್ಕೆಟ್ಟಿನಲ್ಲಿ ಹತ್ತು ವರ್ಷ ಮೂಟೆ ಹೊತ್ತು, ಈಗ ಸ್ವಂತ ಟೆಂಪೋ ಕೊಂಡಿದ್ದ.

"ಬಾಲಪ್ಪ, ಇದು ಯಾರ ಹೆಸರು? ನಿನ್ನ ತಾಯಿಯದೇ?"

"ನಮ್ಮವ್ವ ಶಾಂತವ್ವ ಅದಾಳ್ರಿ. ಇದು ಭಟ್ರು ಕೊಟ್ಟ ಹೆಸರ್ರಿ ಯಜಮಾನ್ರ! ಗಾಡಿ ಪೂಜಾ ಮಾಡುಮುಂದ ಮಂತ್ರದಾಗ ಹರಿಣಾಕ್ಷಿ, ಹರಿಣಾಕ್ಷಿ ಅಂತ ಎರಡ ಮೂರ ಸಲ ಅಂದ್ರು. ನಾ ಅನಕೊಂಡೆ, ದೇವಿ ನನ್ನ ಗಾಡಿಗೆ ಹೆಸರ ಇಟ್ಳು ಅಂತ. ಅವತ್ತ ಪೇಂಟರ್ ಕಡೆ ಹೋಗಿ ಬರಸಿದ್ನಿ. ಚಂದ ಐತಿಲ್ರಿ?"

"ಚಂದ ಇದೆ," ಎಂದೆ. "ಬಹಳ ಚಂದ ಇದೆ."

ಅವನು ಹೋದ ಮೇಲೆ ನಾನು ಲ್ಯಾಪ್‌ಟಾಪ್ ತೆರೆದು ವಾಹನ ಪೂಜೆಯ ಪುಟದಲ್ಲಿ ನನ್ನ ಹೆಸರನ್ನೇ ತುಂಬಿದೆ. ತಾರಾನಾಥ, ವಿಶಾಖಾ. ಚೀಟಿ ಬಂದಿತು: ಹರಿಣಾಕ್ಷಿ, ಅನುರಾಧಾ. ಸುಜನ್ ಎಂದು ತುಂಬಿದೆ: ಹರಿಣಾಕ್ಷಿ. ಪುಟಕ್ಕೆ ನಮ್ಮೆಲ್ಲರ ಹೆಸರೂ ಗೊತ್ತಿತ್ತು. ಅದು ಚೀಟಿಯ ಕೈಗೆ ಏನೂ ಕೊಡುತ್ತಿರಲಿಲ್ಲ, ಏಕೆಂದರೆ ಕೊಡುವ ಕೈಯನ್ನು ನಾನೇ ಕತ್ತರಿಸಿದ್ದೆ.

ಆ ದಿನವೇ ಮಾನಸಿಗೆ ಹೇಳಬೇಕಾಗಿತ್ತು. ನಾಳೆ ಹೇಳೋಣ ಎಂದುಕೊಂಡೆ. ಹನ್ನೊಂದು ದಿನ ಕಳೆದರೂ ಆ ನಾಳೆ ಬರಲಿಲ್ಲ. ಆ ಹನ್ನೊಂದು ದಿನ ನಾನು ಗರ್ಭಗುಡಿಯ ಕಂಬದ ಹಿಂದೆ ಕುಳಿತು ಭಟ್ಟರ ಸಂಕಲ್ಪ ಕೇಳಿದೆ. ತಪ್ಪು ಮಾಡಿದವನ ಮುಖದಲ್ಲಿ ಇರಬೇಕಾದ ಕಳೆ ನನ್ನ ಮುಖದಲ್ಲಿ ಇರಲಿಲ್ಲ.

ಹನ್ನೆರಡನೆಯ ದಿನ ಖಾರಘರದಿಂದ ರಿತೇಶ್, ರಮಿತಾ ಎಂಬ ಗಂಡ ಹೆಂಡತಿ ಬಂದರು. ಹೊಸ ಫ್ಲ್ಯಾಟಿನ ಸತ್ಯನಾರಾಯಣ ಪೂಜೆಯನ್ನು ಗುಡಿಯಲ್ಲೇ ಮಾಡಿಸಿ ಹೋಗಿದ್ದವರು. ರಮಿತಾಳ ಕೈಯಲ್ಲಿ ಭಟ್ಟರ ಕೋಣೆಯಿಂದ ಕೇಳಿ ತಂದ ಚೀಟಿ. ರಿತೇಶನ ಮುಖ ಮೂರು ದಿನ ಊಟ ಕಾಣದವನ ಹಾಗಿತ್ತು.

"ಅಂಕಲ್, ವೆಬ್‌ಸೈಟ್ ನಿಮ್ಮದಾ? ಈ ಹರಿಣಾಕ್ಷಿ ಯಾರು?" ಎಂದಳು ರಮಿತಾ.

"ಮೇರೆ ಕೋ ಕ್ಯಾ ಮಾಲೂಮ್ ಯಾರ್!" ಎಂದ ರಿತೇಶ್. ಅವನನ್ನು ಯಾರೂ ಕೇಳಿರಲಿಲ್ಲ.

"ನೀನು ಸುಮ್ಮನಿರು. ಅಂಕಲ್, ಫಾರ್ಮ್ ತುಂಬಿದ್ದು ಇವನು. ಹೆಸರು ಬಂದದ್ದು ಹರಿಣಾಕ್ಷಿ. ನಾನು ಮಣೆ ಮೇಲೆ ಕೂತು ಕಲಶಕ್ಕೆ ಅಕ್ಕಿಕಾಳು ಹಾಕಿದ್ದು ಹರಿಣಾಕ್ಷಿಯ ಸುಖ ಸಂಸಾರಕ್ಕಾ?"

"ಅದು ಮನುಷ್ಯರ ಹೆಸರಲ್ಲಮ್ಮ," ಎಂದೆ. ಅರವತ್ತೊಂಬತ್ತು ವರ್ಷದ ಬಾಯಿಂದ ಸುಳ್ಳು ಎಷ್ಟು ಸಲೀಸಾಗಿ ಬಂದಿತು! "ಅದು ಸಿಸ್ಟಮ್ಮಿನ ಹೆಸರು. ಕಂಪ್ಯೂಟರಿನದು."

"ಕಂಪ್ಯೂಟರಿಗೆ ಅನುರಾಧಾ ನಕ್ಷತ್ರವಾ?"

ಹೊಳೆಯಲ್ಲಿ ಮುಳುಗುವವನು ದಡದಲ್ಲಿದ್ದವನನ್ನು ನೋಡುವ ಹಾಗೆ ರಿತೇಶ್ ನನ್ನ ಕಡೆ ನೋಡಿದ.

"ನನ್ನ ಹೆಂಡತಿ," ಎಂದೆ. "ನನ್ನ ಹೆಂಡತಿಯ ಹೆಸರು. ನಾನೇ ತಪ್ಪಿ ಬರೆದೆ."

ರಮಿತಾ ಚೀಟಿ ನೋಡಿದಳು, ನನ್ನನ್ನು ನೋಡಿದಳು, ಒಮ್ಮೆಲೇ ನಕ್ಕುಬಿಟ್ಟಳು. "ಅಯ್ಯೋ ದೇವರೇ! ಆಂಟಿ ಹೆಸರು ಅಷ್ಟು ಬಾಯಲ್ಲೇ ಇರ್ತದಾ ನಿಮಗೆ? ಇವನನ್ನು ನೋಡಿ, ಬ್ಯಾಂಕ್ ಫಾರ್ಮಿನಲ್ಲಿ ನನ್ನ ಹೆಸರಿಗೆ ಸ್ಪೆಲ್ಲಿಂಗ್ ಕೇಳ್ತಾನೆ." ರಿತೇಶನಿಗೆ ಜೀವ ಬಂದಿತು. ಅವಳು ಚೀಲದಿಂದ ಒಂದು ಸ್ಟೀಲ್ ಡಬ್ಬಿ ತೆಗೆದಳು. "ಸಜ್ಜಿಗೆ ಮಾಡಿದ್ದೆ, ಮಾವನ ಮನೆಗೆ ಅಂತ. ಆಂಟಿಗೆ ಕೊಡಿ. ಎಲ್ಲಿದ್ದಾರೆ ಅವರು?"

"ಅವಳು," ಎಂದೆ, "ಸದ್ಯ ಇಲ್ಲಿ ಇಲ್ಲ."

"ಊರಿಗೆ ಹೋಗಿದ್ದಾರಾ? ಬಂದ ಮೇಲೆ ಭೇಟಿ ಮಾಡಿಸಿ. ಡಬ್ಬಿ ನಿಧಾನಕ್ಕೆ ಕೊಡಿ."

ಸಜ್ಜಿಗೆಯನ್ನು ಮೊಮ್ಮಗಳು ಅನುಷ್ಕಾ ತಿಂದಳು. ಡಬ್ಬಿಯನ್ನು ತೊಳೆದು ಕಪಾಟಿನಲ್ಲಿ ಇಟ್ಟೆ. ಹರಿಣಾಕ್ಷಿ ಯಾರ ಪಾತ್ರೆಯನ್ನೂ ಬರಿದಾಗಿ ಹಿಂತಿರುಗಿಸಿದವಳಲ್ಲ. ಏನು ತುಂಬಿಸಿ ಕೊಡಬೇಕೆಂದು ನನಗೆ ತಿಳಿಯಲಿಲ್ಲ. ಹಾಗಾಗಿ ಡಬ್ಬಿಯೂ ಉಳಿಯಿತು, ಮಾನಸಿಗೆ ಹೇಳಬೇಕಾದ ಮಾತೂ ಉಳಿಯಿತು.

ಸೆಪ್ಟೆಂಬರಿನಲ್ಲಿ ನಮ್ಮ ಕಮಿಟಿಯ ಅಧ್ಯಕ್ಷರಿಗೆ ಎಪ್ಪತ್ತು ತುಂಬಿತು. ಅವರಿಗೆ ಸಾನಪಾಡಾದಲ್ಲಿ ಹೋಟೆಲು. ಎಲ್ಲದರಲ್ಲೂ ಮಾದರಿಯಾಗಬೇಕೆಂಬ ಆಸೆ. ಆದುದರಿಂದ ತಮ್ಮ ಆಯುಷ್ಯ ಹೋಮವನ್ನು ವೆಬ್‌ಸೈಟಿನಲ್ಲೇ ಬರೆಸಿದರು. ನನಗೆ ಗೊತ್ತಾದದ್ದು ಹೋಮದ ದಿನ ಬೆಳಿಗ್ಗೆ, ಶಾಮಿಯಾನ ಹಾಕಿದ ಮೇಲೆ. ಭಟ್ಟರ ಕೋಣೆಗೆ ಓಡಿದೆ. ಭಟ್ಟರು ಮಡಿಯುಟ್ಟು ಕುಂಡದ ಮುಂದೆ ಕುಳಿತಾಗಿತ್ತು. ಚೀಟಿ ಅವರ ಮಣೆಯ ಮೇಲೆ, ಅರಿಶಿನದ ಬಟ್ಟಲಿನ ಕೆಳಗೆ.

ಥಾಣೆ, ಕಲ್ಯಾಣದಿಂದ ಎಲ್ಲ ಹಳಬರು ಬಂದಿದ್ದರು. ಹರಿಣಾಕ್ಷಿಯ ಗೆಳತಿ, ಕಮಿಟಿಯ ಕಾರ್ಯದರ್ಶಿ ವಿನೋದಾ ಕೂಡ ಬಂದಿದ್ದರು. ರಮಿತಾ, ರಿತೇಶ್ ಎರಡನೆಯ ಸಾಲಿನಲ್ಲಿ ಇದ್ದರು. ರಜಾ ಹಾಕಿದ ಮಾನಸಿಯೂ ಇದ್ದಳು. ನಾನು ಭಟ್ಟರಿಗೆ ಕೈಸನ್ನೆ ಮಾಡಿದೆ. ಅವರು ಆಶೀರ್ವಾದದ ಹಾಗೆ ಕೈಯೆತ್ತಿ ಮೈಕ್ ಹತ್ತಿರ ಎಳೆದುಕೊಂಡರು.

"ಕಾಶ್ಯಪ ಗೋತ್ರೋದ್ಭವಾಯಾಃ, ಅನುರಾಧಾ ನಕ್ಷತ್ರೇ ಜಾತಾಯಾಃ, ಹರಿಣಾಕ್ಷೀ ನಾಮ್ನ್ಯಾಃ ದೀರ್ಘಾಯುಷ್ಯಾಭಿವೃದ್ಧ್ಯರ್ಥಂ..."

ಅಧ್ಯಕ್ಷರು ಕಣ್ಣು ಮುಚ್ಚಿ ಕೈಮುಗಿದು ಕುಳಿತಿದ್ದವರು ಒಂದು ಕಣ್ಣು ತೆರೆದರು.

"ಭಟ್ಟರೇ, ಆಯುಷ್ಯ ಯಾರಿಗೆ ಕೊಟ್ಟಿರಿ?"

"ಚೀಟಿಯಲ್ಲಿ ಇದ್ದವರಿಗೆ."

"ಚೀಟಿಯಲ್ಲಿ ನಾನಿದ್ದೇನೆ!"

ಭಟ್ಟರು ಬಟ್ಟಲು ಸರಿಸಿ ಚೀಟಿ ತೋರಿಸಿದರು. ಅಧ್ಯಕ್ಷರು ಅದರಲ್ಲಿ ಇರಲಿಲ್ಲ.

ಎರಡನೆಯ ಸಾಲಿನಿಂದ ರಮಿತಾ ಸಂತೋಷದಿಂದ, "ಆಂಟಿ ಊರಿಂದ ಬಂದ್ರಾ? ಎಲ್ಲಿ?" ಎಂದು ಎದ್ದು ನಿಂತು ತಿರುಗಿ ತಿರುಗಿ ನೋಡಿದಳು. ಪಕ್ಕದಲ್ಲಿದ್ದ ವಿನೋದಾ, "ಯಾವ ಆಂಟಿ?" ಎಂದರು. "ಹರಿಣಾಕ್ಷಿ ಆಂಟಿ." ವಿನೋದಾ ಅವಳ ಕೈಹಿಡಿದು, "ಮಗಾ, ಅವಳು ಜನವರಿಯಲ್ಲೇ ತೀರಿಕೊಂಡಳಲ್ಲ" ಎಂದರು. ರಮಿತಾ ಕುಳಿತುಬಿಟ್ಟಳು. ಮಾತು ಸಾಲಿನಿಂದ ಸಾಲಿಗೆ ದಾಟಿ ಅಧ್ಯಕ್ಷರ ಕಿವಿಗೆ ಬಂದು ಬಿದ್ದಿತು.

"ಸತ್ತವರಿಗೆ ನನ್ನ ಆಯುಷ್ಯವಾ?" ಅವರು ಮಣೆಯಿಂದ ಎದ್ದೇಬಿಟ್ಟರು. "ಎಪ್ಪತ್ತು ವರ್ಷ ಜೋಪಾನ ಮಾಡಿದ ಆಯುಷ್ಯ! ಯಾರದು ಈ ಕೆಲಸ?"

ನಾನು ಚಪ್ಪಲಿ ಸ್ಟ್ಯಾಂಡಿನ ಹತ್ತಿರದಿಂದ ಮುಂದೆ ಬಂದು ನಿಂತೆ. ಎಲ್ಲವನ್ನೂ ಹೇಳಿದೆ. ಬಾಲ ಕತ್ತರಿಸಿದ್ದು, ಹನ್ನೊಂದು ದಿನ, ಕಂಬದ ಹಿಂದೆ ಕುಳಿತದ್ದು, ಸಿಸ್ಟಮ್ಮಿನ ಹೆಸರೆಂದದ್ದು. "ಕೌಂಟರಿನಲ್ಲಿ ಕೊಡುವ ಹಾಗಿಲ್ಲ ಎಂದರು. ಅದಕ್ಕೆ ಅಲ್ಲಿ ಇಟ್ಟೆ," ಎಂದೆ. "ಅವಳು ತನ್ನ ಹೆಸರನ್ನು ಒಂದು ಸಲವೂ ಕೊಟ್ಟವಳಲ್ಲ. ತಪ್ಪು ನನ್ನದು. ಸೊಸೆಯದಲ್ಲ. ಅವಳಿಗೆ ಅಕ್ಷರ ಬಾರದು."

"ಭಟ್ಟರೇ, ನಿಮಗಾದರೂ ಅನುಮಾನ ಬರಲಿಲ್ಲವಾ?" ಎಂದು ಅಧ್ಯಕ್ಷರು ಅತ್ತ ತಿರುಗಿದರು.

ಭಟ್ಟರು ಮಾರ್ಚಿನಲ್ಲಿ ಊರಿಂದ ಬಂದವರು, ಹರಿಣಾಕ್ಷಿಯನ್ನು ಕಂಡವರಲ್ಲ. "ಅಲ್ಲ ಮಾರಾಯ್ರೆ, ಗಂಡಸರು ಬಂದು ಕೂತು ಹೆಂಗಸರ ಹೆಸರಲ್ಲಿ ಮಾಡಿಸಿದರೆ ನಾನು ಎಂತ ಹೇಳುವುದು? ಈ ಊರಿನವರಿಗೆ ಹೆಂಡತಿ ಮೇಲೆ ಎಷ್ಟು ಪ್ರೀತಿ ಅಂತ ಗ್ರಹಿಸಿದೆ. ಎಲ್ಲರ ಹೆಂಡತಿಯೂ ಹರಿಣಾಕ್ಷಿಯೇ, ಎಲ್ಲರೂ ಅನುರಾಧಾ ನಕ್ಷತ್ರ, ಅದು ಮಾತ್ರ ಸ್ವಲ್ಪ ಆಶ್ಚರ್ಯ ಆಯ್ತು. ಮುಂಬಯಿ ಅಲ್ಲವಾ, ಇರಬಹುದು ಅಂದುಕೊಂಡೆ."

ಯಾರೋ ನಕ್ಕರು. ಅಧ್ಯಕ್ಷರು ಆ ಕಡೆ ನೋಡಿದರು. ನಗು ನಿಂತಿತು.

ನಾಗವೇಣಿ ಭಟ್ಟರ ಕೋಣೆಯಿಂದ ಹಳೆಯ ಚೀಟಿಗಳ ಕಟ್ಟನ್ನು ತಂದು ಎಣಿಸಿದಳು. "ಇವತ್ತಿನದು ಸೇರಿ ನಲವತ್ತಮೂರು," ಎಂದಳು.

"ನಲವತ್ತಮೂರು!" ವಿನೋದಾ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅವರು ಅಳುತ್ತಿದ್ದರೋ ನಗುತ್ತಿದ್ದರೋ ದೂರದಿಂದ ತಿಳಿಯುವ ಹಾಗಿರಲಿಲ್ಲ. "ಹದಿನೈದು ವರ್ಷ ಅವಳ ಹಿಂದೆ ಸಾಲಿನಲ್ಲಿ ನಿಂತವಳು ನಾನು. ಹಾಲಿನವನ ಮೊಣಕಾಲಿಗೆ ಕೂಡ ಅರ್ಚನೆ ಮಾಡಿಸಿದಳು. ನಿನ್ನದೂ ಒಂದು ಹೇಳು ಮಾರಾಯ್ತಿ ಅಂತ ನಾನು ಎಷ್ಟು ಸಲ ಹೇಳಿಲ್ಲ! ಅಧ್ಯಕ್ಷರೇ, ನಿಮ್ಮ ಬೈಪಾಸ್ ಆದಾಗ ಇಲ್ಲಿ ಒಂಬತ್ತು ಶುಕ್ರವಾರ ನಿಮ್ಮ ಹೆಸರು ಕೊಟ್ಟದ್ದು ಯಾರು ಅಂತ ಗೊತ್ತುಂಟಾ?"

ಅಧ್ಯಕ್ಷರಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಅವರು ನಿಂತಲ್ಲೇ ತಮ್ಮ ಎದೆಯನ್ನು ಒಮ್ಮೆ ಮುಟ್ಟಿ ನೋಡಿಕೊಂಡರು.

"ಹಾಗಾದರೆ," ಎಂದರು, "ಈ ಹೋಮದ ಕ್ರಮ ಏನು, ಭಟ್ಟರೇ?"

"ಎದುರು ಕೂತವರು ಯಾರು ಅಂತ ಅಮ್ಮನವರಿಗೆ ಕಾಣುವುದಿಲ್ಲವಾ? ಅವರಿಗೆ ಚೀಟಿ ಬೇಡ. ಚೀಟಿ ಬೇಕಾದದ್ದು ನನಗೆ. ನಿಮ್ಮ ಸಮಾಧಾನಕ್ಕೆ ನಿಮ್ಮ ಹೆಸರಲ್ಲಿ ಇನ್ನೊಮ್ಮೆ ಮಾಡುವ."

"ಒಂದೇ ದಿನ ಎರಡು ಆಯುಷ್ಯ ಹೋಮ," ಎಂದು ಅಧ್ಯಕ್ಷರು ಲೆಕ್ಕ ಹಾಕಿ, ಮಣೆಯ ಮೇಲೆ ಪುನಃ ಕುಳಿತರು. "ಆಗಬಹುದು."

ಆದರೆ ಹೆಸರು ತೆಗೆಯಲೇಬೇಕೆಂದು ಕಮಿಟಿ ಹೇಳಿತು. ಹೇಳಿದ್ದು ನ್ಯಾಯ. ಊಟದ ನಂತರ ಮಾನಸಿ ಲ್ಯಾಪ್‌ಟಾಪ್ ತೆರೆದಳು. ಚಪ್ಪಲಿ ಸ್ಟ್ಯಾಂಡಿನ ಸುತ್ತ ಜನ ಗುಂಪುಗೂಡಿದರು.

"ಪಪ್ಪಾ," ಎಂದಳು, ತೆರೆದ ಫೈಲಿನ ಮೇಲೆ ಬೆರಳಿಟ್ಟು, "ಇದರಲ್ಲಿ ಅಮ್ಮನ ಹೆಸರು ಯಾವುದು?"

ತೋರಿಸಿದೆ.

"ಮೂರು ತಿಂಗಳು ಇದನ್ನ ದಿನಾ ನೋಡಿದೆ. ಭಕ್ತ ಅಂತ ಬರೆದಿದ್ದೀರಿ ಅಂದುಕೊಂಡೆ." ಅವಳು ಆ ಅಕ್ಷರಗಳ ಮೇಲೆ ಬೆರಳಾಡಿಸಿದಳು. "ಇದು ಹ? ಇದು ರಿ?" ನಂತರ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದಳು. "ನಾನು ಅಳಿಸೋದಿಲ್ಲ. ನನ್ನಿಂದ ಆಗೋದಿಲ್ಲ."

ನಾನೇ ಅಳಿಸಿದೆ. ಒಂದೊಂದು ಸಲ ಒತ್ತಿದರೆ ಒಂದೊಂದು ಚೂರು. ಕೊನೆಯ ಅಕ್ಷರ ಎರಡು ಮೂರು ಸಲ ಒತ್ತಿದ ಮೇಲೆ ಹೋಯಿತು. ಮತ್ತೂ ಒತ್ತಿದೆ. 'ಹರಿ' ಎಂದು ಉಳಿಯಿತು. ಅಲ್ಲಿಗೆ ನನ್ನ ಬೆರಳು ನಿಂತಿತು.

"ಅಷ್ಟು ಇರಲಿ ಬಿಡಿ," ಎಂದರು ವಿನೋದಾ.

"ದೇವಿಯ ಗುಡಿಯಲ್ಲಿ ಎಲ್ಲರ ಚೀಟಿಗೂ ಹರಿಯೇ?" ಎಂದು ಅಧ್ಯಕ್ಷರು ಅನುಮಾನಿಸಿದರು.

"ಇಲ್ಲ ಅಂಕಲ್, ಡಿಫಾಲ್ಟೇ ಬೇಡ," ಎಂದಳು ಮಾನಸಿ. "ಹೆಸರು ಕೈಗೆ ಕೊಡದೆ ಇನ್ನು ಚೀಟಿ ಬರಬಾರದು. ಯಾರ ಹೆಸರಿಗೆ ಅಂತ ಅದು ಕೇಳಬೇಕು. ಉತ್ತರ ಸಿಗುವವರೆಗೆ ಕೇಳ್ತಾನೇ ಇರಬೇಕು."

ಉಳಿದದ್ದನ್ನೂ ಅಳಿಸಿದೆ. ಮಾನಸಿ ನಾನು ಕತ್ತರಿಸಿದ ಬಾಲಗಳನ್ನು ನಾಲ್ಕು ಪುಟಗಳಿಗೂ ಪುನಃ ಜೋಡಿಸಿದಳು. ಹೊರಡುವ ಮೊದಲು ರಮಿತಾ ನನ್ನ ಬಳಿ ಬಂದಳು, ಕಣ್ಣು ಕೆಂಪಾಗಿತ್ತು. ಡಬ್ಬಿ ಇನ್ನೂ ಕೊಟ್ಟಿಲ್ಲ ಎಂದೆ. "ಏನು ತುಂಬಿಸಬೇಕೆಂದು ತಿಳಿಯಲಿಲ್ಲ."

"ಒಂದು ಮುಷ್ಟಿ ಸಕ್ಕರೆ ಹಾಕಿ ತನ್ನಿ ಅಂಕಲ್. ಖಾರಘರಕ್ಕೆ ನೀವೇ ತರಬೇಕು. ಊಟಕ್ಕೆ ಬನ್ನಿ." ರಿತೇಶ್ ಹಿಂದಿನಿಂದ, "ಹಾಂ ಅಂಕಲ್, ಪಕ್ಕಾ" ಎಂದ. ಅವನ ಪ್ರಾಣ ಉಳಿಸಿದವನು ನಾನಲ್ಲವೇ.

ಇನ್ನೊಂದು ವಿಷಯ ಉಳಿದಿತ್ತು. ಬಾಲಪ್ಪ.

ಸತ್ತವಳ ಹೆಸರನ್ನು ಅವನ ಹೊಟ್ಟೆಪಾಡಿನ ಗಾಡಿಯ ಹಣೆಗೆ ಬರೆಸಿದ ಪಾಪ ನನ್ನದು. ಪೇಂಟರನ್ನು ನಾನೇ ಕರೆದುಕೊಂಡು ಕಾಮೋಠೆಗೆ ಹೋದೆ. ಬಾಲಪ್ಪನ ಹೆಂಡತಿ ಚಂದ್ರಬಾಯಿ ಟೆಂಪೋದ ಹಣೆಗೆ ಅರಿಶಿನ ಕುಂಕುಮ ಹಚ್ಚುತ್ತಿದ್ದಳು, ಸರಿಯಾಗಿ 'ಹ' ಅಕ್ಷರದ ಮೇಲೆ. ಎಲ್ಲವನ್ನೂ ಹೇಳಿ ಕೈಮುಗಿದೆ. ಬಾಲಪ್ಪ ಕೇಳಿದ. ಪೇಂಟರನ ಕೈಯಲ್ಲಿದ್ದ ಬಣ್ಣದ ಡಬ್ಬಿ ನೋಡಿದ.

"ನಿಮ್ಮ ಮನ್ಯಾಗಿನವ್ರ ಹೆಸರೇನ್ರಿ ಇದು?"

"ಹೌದಪ್ಪ. ಅಳಿಸಿಬಿಡೋಣ."

"ಏನ್ ಮಾತಾಡ್ತೀರಿ ಯಜಮಾನ್ರ! ಎರಡ ತಿಂಗಳಾತು, ಒಂದ ಪಂಕ್ಚರ್ ಇಲ್ಲ. ಮಳ್ಯಾಗ ಪನವೇಲ್ ದಾರ್ಯಾಗ ಎಲ್ಲಾರ ಗಾಡಿ ನಿಂತ್ವು, ಇದು ನಿಲ್ಲಲಿಲ್ಲ. ಇಂಥಾಕಿ ಹೆಸರ ಅಳಸ್ಲಿ?"

ಚಂದ್ರಬಾಯಿ ಪೇಂಟರನ ಕಡೆ ತಿರುಗಿದಳು. "ಏ ತಮ್ಮಾ, ಕಾಲಾಗ ಚಪ್ಲಿ ಹಾಕ್ಕೊಂಡು ಗಾಡಿ ಮುಟ್ಟಬ್ಯಾಡ. ಅಕ್ಕಾರು ಅದಾರ." ಪೇಂಟರ್ ಎರಡು ಹೆಜ್ಜೆ ಹಿಂದೆ ಸರಿದ. ನನಗೆ ಚಹಾ ಬಂದಿತು.

ಅಕ್ಟೋಬರಿನಲ್ಲಿ ಆಯುಧಪೂಜೆ. ಬೆಳಿಗ್ಗೆಯೇ ಬಾಲಪ್ಪನ ಫೋನು: "ಮಾರ್ಕೆಟ್ನ್ಯಾಗ ಸಿಕ್ಕೊಂಡೀನ್ರಿ. ನೀವ ಕೌಂಟರ್‌ಗೆ ಹೋಗಿ ಚೀಟಿ ಮಾಡಸ್ರಿ. ನನ್ನ ಹೆಸರಿಗೆ ಬ್ಯಾಡ್ರಿ. ಪೂಜಿ ಗಾಡಿಗಿ, ಹೆಸರೂ ಗಾಡೀದೇ ಇರಲಿ."

ಕೌಂಟರಿನ ಮುಂದೆ ಉದ್ದನೆಯ ಸಾಲು. ನನ್ನ ಸರದಿ ಬಂದಾಗ ಪಟ್ಟಿ ಹೇಳಿದೆ: ಸುಜನ್, ಮಾನಸಿ, ಅನುಷ್ಕಾ, ಅಧ್ಯಕ್ಷರು, ರಿತೇಶ್ ಮತ್ತು ರಮಿತಾ, ಹಾಲಿನವ. ಹಿಂದೆ ನಿಂತವರು ಕಾಲು ಬದಲಿಸಿದರು. ನಾಗವೇಣಿ ಎಲ್ಲವನ್ನೂ ಬರೆದುಕೊಂಡಳು.

"ಇನ್ನು ಒಂದು ವಾಹನ ಪೂಜೆ," ಎಂದೆ.

ಈಗ ಕೌಂಟರಿನಲ್ಲೂ ಮಾನಸಿಯ ಪುಟವೇ. ನಾಗವೇಣಿ ಅದನ್ನು ತೆರೆದಳು. ಪರದೆಯ ಮೇಲೆ ಪ್ರಶ್ನೆ ಬಂದಿತು. ಅವಳು ಓದಿದಳು: "ಯಾರ ಹೆಸರಿಗೆ?"

"ಗಾಡಿಯ ಹೆಸರಿಗೆ."

"ಗಾಡಿಯ ಹೆಸರು?"

"ಹರಿಣಾಕ್ಷಿ."

ಅವಳ ಕೈ ನಿಂತಿತು. ನಾನು ಕಾದೆ. ಅವಳು ತಲೆಯೆತ್ತದೆ ಒಂದೊಂದೇ ಅಕ್ಷರ ಒತ್ತಿದಳು.

"ನಕ್ಷತ್ರ?"

"ಅನುರಾಧಾ."

"ಗೋತ್ರ?"

"ಕಾಶ್ಯಪ ಎಂದೇ ಹಾಕಿ."

ಅಷ್ಟರಲ್ಲಿ ಹೊರಗೆ ಬಾಲಪ್ಪ ಟೆಂಪೋ ತೊಳೆದು, ಚೆಂಡುಹೂವಿನ ಮಾಲೆ ಹಾಕಿ ತಂದು ನಿಲ್ಲಿಸಿದ್ದ. ಭಟ್ಟರು ಚೀಟಿ ನೋಡಿದರು, ನನ್ನನ್ನು ನೋಡಿದರು, ಗಂಟಲು ಸರಿಪಡಿಸಿಕೊಂಡು ಸಂಕಲ್ಪ ಹೇಳಿದರು. ಈ ಸಲ ನಾನು ಕಂಬದ ಹಿಂದೆ ಇರಲಿಲ್ಲ. ಚಕ್ರಗಳ ಕೆಳಗೆ ನಾಲ್ಕು ನಿಂಬೆಹಣ್ಣು ಇಟ್ಟರು.

"ಸರಕೊಳ್ರಿ ಯಜಮಾನ್ರ," ಎಂದ ಬಾಲಪ್ಪ, ಗಾಡಿ ಚಾಲೂ ಮಾಡಿ.

ನಾನು ಸರಿದು ದಾರಿ ಬಿಟ್ಟೆ. ಹರಿಣಾಕ್ಷಿ ನಿಂಬೆಹಣ್ಣು ದಾಟಿ ಮುಂದೆ ಹೋದಳು.